ಹಾಲು ಕರೆಯುವಷ್ಟು ಹೊತ್ತು

ಹೊಳೆಯ ಆಚೆ ದಡದಲ್ಲಿ ಮರುಳಯ್ಯನ ಮಠ. ಮಠ ಅಂದಾಕ್ಷಣ ಕಂಬ, ಕಳಸ ಅಂತ ಕಣ್ಣಿಗೆ ತಂದುಕೊಳ್ಳಬೇಡಿ. ಒಂದು ಬಂಡೆ, ಬಂಡೆಗೆ ಒರಗಿದ ಒಂದು ಗುಡಿಸಲು, ಒಳಗೊಂದು ಚಾಪೆ. ಅಷ್ಟೇ.

ಆದರೆ ಆ ಬಂಡೆಯ ಮೇಲೆ ಕೂರುವ ಮುದುಕನನ್ನು ನೋಡಲು ಸುತ್ತಲ ಸೀಮೆಯ ಜನ ಹರಿಗೋಲು ಹತ್ತಿ ಬರುತ್ತಿದ್ದರು. ಹಣ್ಣು ತಂದರೆ, ಹಾಲು ತಂದರೆ ಅವನು ಮುಟ್ಟುತ್ತಿರಲಿಲ್ಲ. ಬಂದವರಿಗೇ ಹಂಚಿ ಕಳಿಸುತ್ತಿದ್ದ. ಭಿಕ್ಷೆಯ ಜೋಳಿಗೆಯಿಂದ ಬಂದದ್ದಷ್ಟೇ ಅವನ ಊಟ.

ಅಂಥವನ ಮುಂದೆ ಒಂದು ಬೆಳಿಗ್ಗೆ ಮೈಲಾರಿ ಬಂದು ನಿಂತ.

ಮೈಲಾರಿ ಅಂದರೆ ಸಾಮಾನ್ಯನಲ್ಲ. ಊರಬಾಗಿಲ ಗುಂಡುಕಲ್ಲನ್ನು ಎದೆಗೆ ಎತ್ತಿ, ಹೆಗಲಿಗೆ ಏರಿಸಿ, ಬೆನ್ನ ಹಿಂದಕ್ಕೆ ಎಸೆದ ಗಂಡಸು. ಅವನ ಅಪ್ಪ ಎತ್ತಿರಲಿಲ್ಲ, ಅಜ್ಜ ಎತ್ತಿರಲಿಲ್ಲ. ಅಂಥ ಎದೆ, ಅಂಥ ಮೀಸೆ ಆ ಸೀಮೆಯಲ್ಲಿ ಇನ್ನೊಬ್ಬನಿಗೆ ಇದ್ದಿದ್ದರೆ ಕರೆತಂದು ತೋರಿಸಲಿ.

"ಬುದ್ಧಿ, ನನಗೊಂದು ವಿದ್ಯೆ ಬೇಕು," ಅಂದ.

"ಯಾವುದಪ್ಪ?"

"ಯಾರ ಮುಂದೇನೂ ತಲೆ ಬಗ್ಗಿಸದೆ ಬದುಕೋ ವಿದ್ಯೆ."

"ಈಗ ಬಗ್ಗಿಸ್ತಿದ್ದೀಯಾ?"

"ನಾನಾ? ನಾನ್ಯಾಕೆ ಬಗ್ಗಿಸ್ಲಿ!"

"ಹಾಗಾದ್ರೆ ಕಲಿಯೋಕೇನಿದೆ?"

ಮೈಲಾರಿ ತಡವರಿಸಿದ. ಇಷ್ಟು ದೂರ ನಡೆದು ಬಂದಿದ್ದೇ ಆ ಮಾತಿಗೆ, ಆದರೆ ಅದನ್ನು ಆಡಿ ಅಭ್ಯಾಸವಿರಲಿಲ್ಲ.

"ಬಗ್ಗಿಸಲ್ಲ ಬುದ್ಧಿ. ಆದರೆ ಪ್ರತಿ ಸಲ ಜಗಳ ಆಗುತ್ತೆ. ನಾನು ಇಂಥೋನು, ನನ್ನನ್ನ ಹಾಗೆ ನೋಡಬೇಡಿ ಅಂತ ಬಾಯಿಬಿಟ್ಟು ಹೇಳಬೇಕಾಗುತ್ತೆ. ಹೇಳಿ ಹೇಳಿ ಸಾಕಾಗಿದೆ."

ಗುರು ಒಳಗೆ ಹೋಗಿ ಒಂದು ಮಾಸಿದ ಜೋಳಿಗೆ ತಂದು ಅವನ ಹೆಗಲಿಗೆ ಹಾಕಿದ.

"ಹೋಗು. ಭಿಕ್ಷೆ ತಗೊಂಡು ಬಾ."

ಮೈಲಾರಿಯ ಮುಖ ಕೆಂಪಾಯಿತು. "ತಲೆ ಬಗ್ಗಿಸದೇ ಇರೋದು ಕೇಳಿದ್ರೆ ಕೈ ಚಾಚೋದು ಕಲಿಸ್ತೀರಲ್ಲ ಬುದ್ಧಿ!"

"ಕೈ ಚಾಚು ಅಂತ ನಾನೆಲ್ಲಂದೆ? ದಿನಕ್ಕೆ ಒಂದೇ ಮನೆ. ಬಾಗಿಲಲ್ಲಿ ಜೋಳಿಗೆ ಹಿಡಿದು ನಿಲ್ಲು. ಒಂದು ಹಸುವಿನ ಹಾಲು ಕರೆಯೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಹಾಕಿದ್ರೆ ತಗೋ. ಹಾಕದಿದ್ರೆ ಹೊರಡು. ಬೆನ್ನು ತಿರುಗಿಸಿದ ಮೇಲೆ, ಕರೆದ್ರೂ ತಿರುಗಿ ನೋಡಬೇಡ."

"ಏನಂತ ಕೂಗ್ಲಿ?"

"ಏನೂ ಕೂಗಬೇಡ."

"ಮತ್ತೆ ನಾನು ಬಂದಿರೋದು ಅವರಿಗೆ ಹೇಗೆ ಗೊತ್ತಾಗುತ್ತೆ?"

"ನಿಂತಿರ್ತೀಯಲ್ಲ."

ಮೈಲಾರಿ ಹೊಳೆಯ ಕಡೆ ನೋಡಿದ. ಹಿಂದಿನಿಂದ ಗುರು ಮತ್ತೊಂದು ಮಾತು ಸೇರಿಸಿದ.

"ಇಷ್ಟು ದಿನ ನಾನೇ ಹೋಗ್ತಿದ್ದೆ. ಈಗ ಮೊಣಕಾಲು ಹರಿಗೋಲು ಹತ್ತಲ್ಲ ಅನ್ನುತ್ತೆ. ಇನ್ನು ನೀನು ತಂದ್ರೆ ಊಟ. ಇಲ್ಲದಿದ್ರೆ ಹೊಳೆ ನೀರು."

ಹೊಳೆ ದಾಟಿದ ಮೈಲಾರಿ ಮೊದಲು ಸಿಕ್ಕ ಮನೆಯ ಮುಂದೆ ನಿಂತ. ಬೀದಿಯಲ್ಲಿ ಹೋಗುವವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಕಿವಿ ಸುಟ್ಟಂತಾಯಿತು. ಒಳಗಿಂದ ಒಬ್ಬ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಂದಳು.

"ನೋಡಮ್ಮ," ಅಂದ ಮೈಲಾರಿ, ತಡೆಯಲಾರದೆ. "ತಿರುಕ ಅಂದ್ಕೋಬೇಡ. ಗುಂಡುಕಲ್ಲು ಎತ್ತಿದ ಮೈಲಾರಿ ಅಂದ್ರೆ ನಾನೇ. ನಮ್ಮನೇಲಿ ಕಣಜ ತುಂಬ ರಾಗಿ ಇದೆ. ಗುರುವಿನ ಮಾತಿಗೆ ಕಟ್ಟುಬಿದ್ದು ಬಂದಿದ್ದೀನಿ, ಅಷ್ಟೇ."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅಯ್ಯೋ ನನ್ನಪ್ಪ, ಅಷ್ಟು ದೊಡ್ಡೋನು ಬರಿಗೈಲಿ ಬಂದಿದ್ದೀಯಲ್ಲೋ! ಕಣಜ ತುಂಬ ರಾಗಿ ಅಂತೀಯ, ನೀನೇ ನಮಗೊಂದು ಹಿಡಿ ಹಾಕಿ ಹೋಗಬಾರದಾ?"

ಪಕ್ಕದ ಮನೆಯವರು ಕಿಸಕ್ಕನೆ ನಕ್ಕರು. ಅಜ್ಜಿಯೂ ನಕ್ಕು, ತಂಗಳು ಮುದ್ದೆಯ ಒಂದು ಚೂರು ತಂದು ಹಾಕಿದಳು. ಕೋಳಿಗೆ ಹಾಕುವಷ್ಟು.

ಗುರು ಜೋಳಿಗೆಯೊಳಗೆ ಇಣುಕಿದ. "ಇಷ್ಟೇನಾ?"

"ಇಷ್ಟೇ ಬುದ್ಧಿ. ಜಿಪುಣ ಮುದುಕಿ."

"ಅವಳೇನು ಮಾಡ್ತಾಳೆ? ಜೋಳಿಗೆ ತುಂಬ ನೀನೇ ಕೂತಿದ್ದೆ. ಮುದ್ದೆಗೆ ಜಾಗ ಎಲ್ಲಿತ್ತು?"

ಆ ಚೂರನ್ನು ಇಬ್ಬರೂ ಹಂಚಿಕೊಂಡರು. ಮೈಲಾರಿಗೆ ಅದು ಹಲ್ಲಿಗೂ ಸಾಲಲಿಲ್ಲ.

ಮಾರನೇ ದಿನ ಮೈಲಾರಿ ಬುದ್ಧಿವಂತಿಕೆ ಮಾಡಿದ. ಹಳ್ಳಿಯ ಮಗ, ಅಷ್ಟೂ ಹೊಳೆಯದೇ ಇರುತ್ತದಾ? ಕುಂಬಾರರ ಮನೆ ಅಂಗಳದಲ್ಲಿ ಜೇಡಿಮಣ್ಣು ತುಳಿಯಲು ಆಳಿಲ್ಲದೆ ಒದ್ದಾಡುತ್ತಿದ್ದರು. ಜೋಳಿಗೆ ಮರೆಮಾಡಿ, ಪಂಚೆ ಎತ್ತಿಕಟ್ಟಿ, ಮಣ್ಣಿಗೆ ಇಳಿದೇಬಿಟ್ಟ. ಮಧ್ಯಾಹ್ನದವರೆಗೆ ತುಳಿದ. ಮಣ್ಣು ಬೆಣ್ಣೆಯಾಯಿತು. ಕುಂಬಾರಗಿತ್ತಿ ಖುಷಿಯಾಗಿ ಬಿಸಿ ಮುದ್ದೆ, ಸೊಪ್ಪಿನ ಸಾರು ಕಟ್ಟಿಕೊಟ್ಟಳು. ಯಾರೂ ನಗಲಿಲ್ಲ. "ಎಂಥ ಕಾಲಯ್ಯ ನಿನ್ನವು, ಎತ್ತಿನ ಕಾಲು!" ಅಂದರು.

ಮೈಲಾರಿ ಹಾಡು ಹೇಳಿಕೊಂಡು ಹೊಳೆ ದಾಟಿದ.

ಗುರು ಅವನ ಕಾಲಿಗೆ ಒಣಗಿ ಮೆತ್ತಿದ ಮಣ್ಣು ನೋಡಿದ. ಮುದ್ದೆ ನೋಡಿದ. ಎಲೆಯನ್ನು ಶಿಷ್ಯನ ಕಡೆಗೇ ಸರಿಸಿದ.

"ಇದು ಕೂಲಿ. ನಿಂದು. ನೀನು ಉಣ್ಣು."

"ನಿಮಗೆ?"

"ನಾನು ಭಿಕ್ಷೆ ಉಣ್ಣೋನು."

"ದುಡಿದು ತಿನ್ನೋದು ತಪ್ಪಾ ಬುದ್ಧಿ?"

"ದುಡಿದು ತಿನ್ನೋದು ದೊಡ್ಡದು. ಆದರೆ ನೀನು ಇವತ್ತು ದುಡೀಲಿಲ್ಲ. ಮಣ್ಣಿನ ಹಿಂದೆ ಅಡಗಿ ಕೂತಿದ್ದೆ."

"ಅಡಗೋ ವಂಶ ಅಲ್ಲ ನಮ್ಮದು!"

"ಜೋಳಿಗೆ ಎಲ್ಲಿತ್ತು, ನೀನು ಮಣ್ಣು ತುಳಿಯುವಾಗ?"

ಜೋಳಿಗೆ ಗೋಡೆಯ ಹಿಂದೆ, ಬೂದಿಗುಂಡಿಯ ಪಕ್ಕ ಇತ್ತು.

ಗುರು ಹೊಳೆಗೆ ಇಳಿದು, ಬೊಗಸೆ ತುಂಬ ನೀರು ಕುಡಿದು ಬಂದು ಮಲಗಿದ. ಮೈಲಾರಿ ಅರ್ಧ ಮುದ್ದೆ ನುಂಗಿದ. ಇನ್ನರ್ಧ ಎಲೆಯಲ್ಲೇ ಬಿಟ್ಟ.

ಬೆಳಿಗ್ಗೆ ಗುರು ಏಳುವಾಗ ಬಂಡೆ ಹಿಡಿದುಕೊಂಡ. ಮೈಲಾರಿ ಅದನ್ನು ನೋಡಿದ. ಕಲ್ಲು ಎತ್ತಿದ ಎದೆಯೊಳಗೆ ಏನೋ ಕಳಚಿದಂತಾಯಿತು. ಇವತ್ತು ಏನಾದರೂ ಆಗಲಿ, ಜೋಳಿಗೆ ತುಂಬಿಸಿಕೊಂಡೇ ಬರುತ್ತೇನೆ ಅಂದುಕೊಂಡು ಓಡಿದ. ಓಡಿದ್ದು ನೆಟ್ಟಗೆ ಪಟೇಲ ಉಜ್ಜಿನಪ್ಪನ ಮನೆಗೆ.

ಉಜ್ಜಿನಪ್ಪನ ಮನೆಯಲ್ಲಿ ಅನ್ನಕ್ಕೆ ಬರವಿಲ್ಲ. ಅದು ನಿಜ. ಆದರೆ ಅಲ್ಲೊಂದು ಪದ್ಧತಿ. ಉಂಡವರು ಬೀದಿಗೆ ಬಂದು, ನಾಲ್ಕು ಜನ ಕೇಳುವ ಹಾಗೆ, "ಪಟೇಲರ ಹೊಟ್ಟೆ ತಣ್ಣಗಿರಲಿ" ಅಂತ ಕೂಗಬೇಕು. ಪಟೇಲ ಜಗಲಿಯಲ್ಲಿ ದಿಂಬಿಗೆ ಒರಗಿ ಕೂತು ಕೇಳುತ್ತಾನೆ. ದನಿ ಸಣ್ಣದಾದರೆ ಮತ್ತೊಮ್ಮೆ ಕೂಗಿಸುತ್ತಾನೆ. ಆ ಬೀದಿಯಲ್ಲಿ ಎಷ್ಟೋ ಜನರ ಗಂಟಲು ಹಾಗೆ ಬಿದ್ದುಹೋಗಿತ್ತು.

ಅವತ್ತು ಮೊಮ್ಮಗನ ನಾಮಕರಣ. ಹೋಳಿಗೆಯ ವಾಸನೆ ಬೀದಿಯ ತುದಿಗೇ ಬರುತ್ತಿತ್ತು.

"ಯಾರಯ್ಯ ನೀನು?" ಅಂದ ಪಟೇಲ.

"ಮರುಳಯ್ಯನೋರ ಶಿಷ್ಯ."

ಪಟೇಲ ದಿಂಬು ಸರಿಸಿ ಕೂತ. "ಓಹೋಹೋ! ನಾನು ಪಾದಪೂಜೆಗೆ ಕರೆದ್ರೆ ಬರದೇ ಇದ್ದ ಮಹಾತ್ಮ! ಅವರ ಮಠದಿಂದ ನಮ್ಮ ಬಾಗಿಲಿಗಾ? ಏನು ಸಮಾಚಾರ?"

ಜಗಲಿ ತುಂಬ ನೆಂಟರು. ಎಲ್ಲರೂ ತಿರುಗಿ ನೋಡಿದರು.

ಮೈಲಾರಿಗೆ ಬಂಡೆ ಹಿಡಿದುಕೊಂಡ ಆ ಕೈ ಕಣ್ಣ ಮುಂದೆ ಬಂತು.

"ನಮ್ಮ ಗುರುಗಳು ನಿನ್ನೆಯಿಂದ ಉಂಡಿಲ್ಲ ಪಟೇಲ್ರೇ," ಅಂದ. "ವಯಸ್ಸಾದ ಜೀವ. ನೀವು ದೊಡ್ಡೋರು. ದಯ ಮಾಡಬೇಕು." ಎರಡೂ ಕೈ ಜೋಡಿಸಿದ. ಬೆನ್ನು ತಾನಾಗೇ ಬಾಗಿತು.

"ಏನಂದೆ? ಕೇಳಿಸ್ಲಿಲ್ಲ. ಮರುಳಯ್ಯನೋರು ಏನಾಗಿದ್ದಾರೆ?"

"ಹಸಿದಿದ್ದಾರೆ."

"ನೆಂಟರಿಗೆ ಕೇಳಿಸ್ಲಿಲ್ಲ ಕಣಯ್ಯ."

"ಹಸಿದಿದ್ದಾರೆ!" ಮೈಲಾರಿ ಕೂಗಿದ. ಗುಂಡುಕಲ್ಲು ಎಸೆದಾಗಲೂ ಅಷ್ಟು ಗಟ್ಟಿಯಾಗಿ ಕೂಗಿರಲಿಲ್ಲ.

ಜೋಳಿಗೆ ತುಂಬಿತು. ತುಪ್ಪ ಬಟ್ಟೆಯಿಂದ ಹೊರಗೆ ಜಿನುಗಿತು. ಬೀದಿಗೆ ಬಂದು ಪಟೇಲರ ಹೊಟ್ಟೆ ತಣ್ಣಗಿರಲಿ ಅಂತಲೂ ಕೂಗಿದ. ಪಟೇಲ ಒಂದೇ ಸಲಕ್ಕೆ ಒಪ್ಪಿದ.

ಗುರು ಹೋಳಿಗೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಹಸಿದ ಮನುಷ್ಯನ ಮೂಗಿನ ಹೊಳ್ಳೆ ಅರಳಿತು. ಅದನ್ನು ಅವನು ಮರೆಮಾಡಲಿಲ್ಲ.

"ಒಳ್ಳೇ ಹೋಳಿಗೆ. ಏನು ಕೊಟ್ಟು ತಂದೆ?"

"ಏನೂ ಕೊಟ್ಟಿಲ್ಲ ಬುದ್ಧಿ. ನೀವು ಹಸಿದಿದ್ದೀರಿ ಅಂದೆ. ತುಂಬಿಸಿ ಕಳಿಸಿದ್ರು."

"ಯಾರ ಹಸಿವು ಅದು?"

"ನಿಮ್ಮದು."

"ನನ್ನದನ್ನ ನೀನು ಯಾಕೆ ಮಾರಿದೆ?"

ಅಷ್ಟು ಹೇಳಿ ಗುರು ಎದ್ದು, ಹೊಳೆಯ ಅಂಚಿಗೆ ಹೋಗಿ, ಹೋಳಿಗೆ ಮುರಿದು ಮುರಿದು ನೀರಿಗೆ ಹಾಕಿದ. ಮೀನುಗಳು ಮುತ್ತಿಕೊಂಡವು.

ಮೈಲಾರಿಗೆ ತಡೆಯಲಾಗಲಿಲ್ಲ. ಜೋಳಿಗೆ ಮರಳಿಗೆ ಎಸೆದ.

"ಏನು ಮಾಡಬೇಕು ಅಂತೀರಿ ನೀವು? ನಾನು ಯಾರು ಅಂತ ಹೇಳಿದ್ರೆ ತಪ್ಪು! ದುಡಿದು ತಂದ್ರೆ ತಪ್ಪು! ನಿಮಗೋಸ್ಕರ, ಈ ಮೈಲಾರಿ, ಹುಟ್ಟಿದಾಗಿಂದ ಬಗ್ಗದ ಬೆನ್ನು ಬಗ್ಗಿಸಿ ತಂದ್ರೆ ಅದೂ ತಪ್ಪು! ನೀವು ಉಪವಾಸ ಬಿದ್ದು ಸತ್ತರೆ ಊರು ನನ್ನ ಮುಖಕ್ಕೆ ಉಗಿಯುತ್ತೆ! ಇಂಥ ಗುರು ನನಗೆ ಬೇಡ!"

"ನಿಲ್ಲು ಅಂದಿದ್ದೆ," ಅಂದ ಗುರು. ದನಿ ಏರಲಿಲ್ಲ. "ಹೇಳಿಕೊಂಡೆ, ಅಡಗಿಕೊಂಡೆ, ಬಗ್ಗಿದೆ. ಎಲ್ಲಾ ಮಾಡಿದೆ. ನಿಲ್ಲಲಿಲ್ಲ."

ಮೈಲಾರಿ ಹರಿಗೋಲಿನ ಕಡೆ ದಾಪುಗಾಲು ಹಾಕಿದ. ಹೋಗಿಯೇಬಿಡುತ್ತಿದ್ದ. ಊರಿಗೆ ಹೋಗಿ ಕಲ್ಲು ಎತ್ತಿಕೊಂಡು, ಮೀಸೆ ತಿರುವಿಕೊಂಡು ಇದ್ದುಬಿಡುತ್ತಿದ್ದ. ಆದರೆ ಹರಿಗೋಲಿನ ಅಂಚಿಗೆ ಕೈ ಇಟ್ಟಾಗ ತನ್ನದೇ ಕೂಗು ಕಿವಿಗೆ ಬಂತು. ಹಸಿದಿದ್ದಾರೆ, ಹಸಿದಿದ್ದಾರೆ. ಆ ಕೂಗನ್ನು ಆ ಬೀದಿಯಲ್ಲಿ ಹಾಗೇ ಬಿಟ್ಟು ಊರಿಗೆ ಹೇಗೆ ಹೋಗುವುದು?

ವಾಪಸು ಬಂದು ಜೋಳಿಗೆಯ ಮರಳು ಕೊಡವಿದ.

"ಬುದ್ಧಿ, ನಾಳೆಯೂ ಅದೇ ಮನೆಗೆ ಹೋಗ್ತೀನಿ."

"ಹೋಗು."

"ಅವನು ಹಾಕದಿದ್ರೆ?"

"ಹೊಳೇಲಿ ನೀರಿದೆ."

ಮರುದಿನ ಹೊತ್ತು ಮೂಡುವಾಗ ಮೈಲಾರಿ ಪಟೇಲನ ಬಾಗಿಲಲ್ಲಿದ್ದ. ನೆಂಟರು ಇನ್ನೂ ಹೊರಟಿರಲಿಲ್ಲ. ಅಂಗಳದ ಮೂಲೆಯಲ್ಲಿ ಪಟೇಲನ ಹೆಂಡತಿ ಹಾಲಮ್ಮ ಆಗಷ್ಟೇ ಹಸುವಿನ ಕೆಳಗೆ ಚೆಂಬು ಹಿಡಿದು ಕೂತಿದ್ದಳು.

ಜೋಳಿಗೆಯ ಬಾಯಿ ಬಿಡಿಸಿ ಹಿಡಿದು ಮೈಲಾರಿ ನಿಂತ.

"ಬಂದ್ಯಾ?" ಪಟೇಲ ದಿಂಬಿಗೆ ಒರಗಿಯೇ ನಕ್ಕ. "ನೋಡ್ರಪ್ಪ, ಹೋಳಿಗೆ ರುಚಿ ಹತ್ತಿದೆ. ಏನಯ್ಯ, ಇವತ್ತೂ ಹಸಿದಿದ್ದಾರಾ ನಿಮ್ಮೋರು?"

ಮೈಲಾರಿ ಮಾತಾಡಲಿಲ್ಲ. ಮಾತು ಬಾಯಲ್ಲಿ ಬಿಸಿ ಮುದ್ದೆಯ ಹಾಗೆ ಸುಡುತ್ತಿತ್ತು. ಉಗುಳಲೂ ಇಲ್ಲ, ನುಂಗಲೂ ಇಲ್ಲ.

ಚೆಂಬಿನ ತಳಕ್ಕೆ ಹಾಲು ಬಿದ್ದು ಸದ್ದಾಯಿತು. ಚರ್, ಚರ್.

"ಕಿವುಡಾಯ್ತಾ? ನಿನ್ನೆ ಎಷ್ಟು ಚೆನ್ನಾಗಿ ಕೂಗಿದ್ದೆ! ಹಾಗೇ ಇನ್ನೊಂದು ಸಲ ಕೂಗು. ಇವತ್ತು ಕಡುಬು ಮಾಡಿಸಿದ್ದೀನಿ."

ಮೈಲಾರಿ ನಿಂತಿದ್ದ. ಎದೆ ಉಬ್ಬಿಸಿರಲಿಲ್ಲ, ಕುಗ್ಗಿಸಿರಲೂ ಇಲ್ಲ. ಪಟೇಲನ ಮುಖ ನೋಡುತ್ತಿದ್ದ, ದುರುಗುಟ್ಟಿ ಅಲ್ಲ. ಹೊಳೆಯ ಆಚೆ ದಡ ನೋಡುವವರ ಹಾಗೆ.

"ಕಲ್ಲೆತ್ತಿದ ಮೈಲಾರಿ ಇವನೇ ಅಂತೆ," ಅಂದ ಒಬ್ಬ ನೆಂಟ. "ಈಗ ಹಿಟ್ಟು ಎತ್ತೋಕೆ ಬಂದಿದ್ದಾನೆ."

ಜಗಲಿ ಪೂರ್ತಿ ನಕ್ಕಿತು. ಮೈಲಾರಿಯ ಕೈಬೆರಳು ಜೋಳಿಗೆಯ ಬಟ್ಟೆಯೊಳಗೆ ಬಿಗಿಯಾದವು. ಅವನೊಬ್ಬನೇ ಆ ಜಗಲಿಯವರನ್ನೆಲ್ಲ ಎತ್ತಿ ಬೀದಿಗೆ ಎಸೆಯಬಲ್ಲ. ಅದು ಅವನಿಗೆ ಗೊತ್ತಿತ್ತು. ಗೊತ್ತಿದೆ ಅಂತ ಯಾರಿಗೂ ಹೇಳಲಿಲ್ಲ. ಆಶ್ಚರ್ಯವೆಂದರೆ, ಹೇಳದೇ ಇದ್ದರೂ ಅದು ಕಡಿಮೆಯಾಗಲಿಲ್ಲ. ಬೆರಳು ತಾವಾಗೇ ಸಡಿಲವಾದವು.

ನಗು ಯಾಕೋ ಬೇಗ ನಿಂತಿತು.

"ಮಾತಾಡೋ!" ಅಂದ ಪಟೇಲ.

"ಗದರಬೇಡಿ," ಅಂದಳು ಹಾಲಮ್ಮ ಹಸುವಿನ ಕೆಳಗಿಂದ. "ಹಸು ಬೆದರುತ್ತೆ. ಹಾಲು ಬಿಡಲ್ಲ."

ಹಾಲಿನ ಸದ್ದು ತೆಳ್ಳಗಾಗಿತ್ತು. ಹಾಲಮ್ಮ ಬೇಕೆಂದೇ ನಿಧಾನವಾಗಿ, ಹನಿಹನಿಯಾಗಿ ಕರೆಯುತ್ತಿದ್ದಳು. ನಡುನಡುವೆ ಗಂಡನ ಮುಖ ನೋಡುತ್ತಿದ್ದಳು. ಮರುಳಯ್ಯ ಭಿಕ್ಷೆಗೆ ಎಷ್ಟು ಹೊತ್ತು ನಿಲ್ಲುತ್ತಿದ್ದ ಅಂತ ಅವಳಿಗೆ ಗೊತ್ತಿತ್ತು. ಗಂಡನಿಗೆ ಮನಸ್ಸು ಮಾಡಲು ಇನ್ನಷ್ಟು ಹೊತ್ತು ಸಿಗಲಿ ಅಂತ.

"ಒಂದು ಮಾತು ಅನ್ನಯ್ಯ, ಸಾಕು," ಅಂದ ಪಟೇಲ. ದನಿಯಲ್ಲಿ ಈಗ ನಗುವಿರಲಿಲ್ಲ. "ಹಾಕಿ ಅನ್ನು. ಬರೀ ಹಾಕಿ ಅನ್ನು."

ಕೆಚ್ಚಲು ಬರಿದಾಯಿತು. ಹಾಲಮ್ಮ ಚೆಂಬು ಹಿಡಿದು ಎದ್ದಳು. ಅವಳಿಗೂ ಇನ್ನು ಮಾಡುವುದೇನೂ ಉಳಿದಿರಲಿಲ್ಲ.

ಮೈಲಾರಿ ಜೋಳಿಗೆ ಮಡಿಸಿ ಹೆಗಲಿಗೆ ಹಾಕಿದ. ಬೆನ್ನು ತಿರುಗಿಸಿ ಹೊರಟ.

"ಏ! ನಿಲ್ಲೋ! ಹಾಕ್ತೀನಿ, ಬಾರೋ!" ಪಟೇಲ ಕೂಗಿದ. ಆ ಕೂಗು ಬೀದಿಯ ಕೊನೆಗೂ ಕೇಳಿಸಿತು. ಬಾಗಿಲು ಬಾಗಿಲಿಗೆ ಜನ ಬಂದು ನಿಂತರು. ಮೈಲಾರಿ ತಿರುಗಲಿಲ್ಲ.

ಹರಿಗೋಲಿನಲ್ಲಿ ಕೂತಾಗ ಮಾತ್ರ ಹೆಗಲು ಮುಟ್ಟಿ ನೋಡಿಕೊಂಡ. ಖಾಲಿ ಜೋಳಿಗೆ. ಆಚೆ ದಡದಲ್ಲಿ ಒಣಗಿದ ಮುದುಕ. ನನ್ನ ಬೆನ್ನು ನೆಟ್ಟಗಿರಲಿ ಅಂತ ಆ ಜೀವವನ್ನು ಸುಡುತ್ತಿದ್ದೇನಾ? ಹೊಳೆ ದಾಟುವವರೆಗೂ ಅದೊಂದೇ ಯೋಚನೆ.

ಗುರು ಬಂಡೆಯ ನೆರಳಲ್ಲಿ ಮಲಗಿದ್ದ. ಕಣ್ಣು ತೆರೆದ.

"ಏನು ತಂದೆ?"

"ಏನೂ ತರ್ಲಿಲ್ಲ ಬುದ್ಧಿ."

"ಏನು ಕೊಟ್ಟು ಬಂದೆ?"

ಮೈಲಾರಿ ಯೋಚಿಸಿದ. "ಏನೂ ಕೊಡ್ಲಿಲ್ಲ."

ನಡೆದದ್ದನ್ನೆಲ್ಲ ಹೇಳಬಹುದಿತ್ತು. ಪಟೇಲನ ಮುಖ ಹೇಗೆ ಸಪ್ಪಗಾಯಿತು, ನೆಂಟರ ನಗು ಹೇಗೆ ಸತ್ತಿತು, ಬೀದಿಯ ಜನ ಹೇಗೆ ನೋಡಿದರು. ಹಳೆಯ ಮೈಲಾರಿಯಾಗಿದ್ದರೆ ಅದನ್ನೇ ಒಂದು ವರ್ಷ ಹೇಳಿಕೊಂಡು ತಿರುಗುತ್ತಿದ್ದ. ಇವನು ಹೊಳೆಗೆ ಇಳಿದು, ಸೋರೆಬುರುಡೆಯಲ್ಲಿ ನೀರು ತಂದು ಗುರುವಿಗೆ ಕುಡಿಸಿದ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಒಂದು ಹರಿಗೋಲು ಈ ದಡಕ್ಕೆ ತಾಗಿತು. ಇಳಿದವನು ಪಟೇಲ ಉಜ್ಜಿನಪ್ಪ. ಹಿಂದೆ ಇಬ್ಬರು ಆಳುಗಳು, ತಲೆಯ ಮೇಲೆ ಬುಟ್ಟಿಗಳು. ಅವರ ಹಿಂದೆ ಬೇರೆ ಹರಿಗೋಲುಗಳಲ್ಲಿ ತಮಾಷೆ ನೋಡಲು ಬಂದ ಊರ ಮಂದಿ.

ಪಟೇಲ ಬಂದವನೇ ಒಂದು ಕಲ್ಲು ನೋಡಿಕೊಂಡು, ಪಂಚೆ ಕೊಡವಿ ಕೂತ.

"ಅಯ್ಯನೋರೆ, ನಮ್ಮ ಮನೆ ಬಾಗಿಲಿಂದ ಇವತ್ತಿನವರೆಗೆ ಯಾರೂ ಖಾಲಿ ಹೋದೋರಲ್ಲ. ನಮ್ಮಪ್ಪನ ಕಾಲದಲ್ಲೂ ಇಲ್ಲ, ತಾತನ ಕಾಲದಲ್ಲೂ ಇಲ್ಲ. ಇವನು ಹೋದ. ಬೀದಿಯೆಲ್ಲ ಅದೇ ಮಾತು. ತಗೊಳ್ಳಿ, ಅನ್ನ ತಂದಿದ್ದೀನಿ, ಕಡುಬು ತಂದಿದ್ದೀನಿ, ಮೊಸರು ತಂದಿದ್ದೀನಿ."

ಗುರು ಬುಟ್ಟಿ ನೋಡಲಿಲ್ಲ, ಪಟೇಲನನ್ನೂ ನೋಡಲಿಲ್ಲ. ಹೊಳೆ ನೋಡುತ್ತಿದ್ದ.

ಪಟೇಲ ಮೈಲಾರಿಯ ಕಡೆ ತಿರುಗಿದ. ಬುಟ್ಟಿಯ ಮೇಲಿನ ಬಾಳೆಲೆ ತಾನೇ ಸರಿಸಿದ. ಅನ್ನದ ಹಬೆ ಎದ್ದಿತು.

"ನೀನು ಕೂಗೋದೂ ಬೇಡ ಕಣಪ್ಪ. ಇಷ್ಟು ಜನ ಬಂದಿದ್ದಾರಲ್ಲ, ಇವರ ಕಡೆ ತಿರುಗಿ, ಪಟೇಲರು ಕೊಟ್ರು ಅಂದುಬಿಡು. ಮೆತ್ತಗೇ ಅನ್ನು. ಅಷ್ಟೇ. ನಿಮ್ಮ ಗುರು ಉಣ್ಣಲಿ, ನೀನು ಉಣ್ಣು, ನಾನೂ ಮನೆಗೆ ಹೋಗಿ ಉಣ್ತೀನಿ. ಬೆಳಿಗ್ಗೆಯಿಂದ ನನ್ನ ಗಂಟಲಲ್ಲೂ ಏನೂ ಇಳಿದಿಲ್ಲ."

ಮೈಲಾರಿ ಗುರುವಿನ ಮುಖ ನೋಡಿದ. ಕೆನ್ನೆ ಒಳಗೆ ಹೋಗಿತ್ತು. ತುಟಿ ಒಡೆದಿತ್ತು. ಎರಡು ಮಾತು. ಎರಡೇ ಮಾತಿಗೆ ಆ ತುಟಿಗೆ ಅನ್ನ ಮುಟ್ಟುತ್ತದೆ. ಗುರು ಒಂದು ಸನ್ನೆ ಮಾಡಿದ್ದರೆ ಸಾಕಿತ್ತು, ಹುಬ್ಬು ಕುಣಿಸಿದ್ದರೂ ಸಾಕಿತ್ತು. ಮಾಡಲಿಲ್ಲ. ಇದು ಮೈಲಾರಿಯ ಬಾಗಿಲು, ಮೈಲಾರಿಯದೇ ತೀರ್ಮಾನ.

ಅವನು ಹೆಗಲಿಂದ ಜೋಳಿಗೆ ತೆಗೆದ. ಜನ ಉಸಿರು ಬಿಗಿಹಿಡಿದರು. ಪಟೇಲ ಅನ್ನದ ಬುಟ್ಟಿಗೆ ಕೈ ಹಾಕಿದ.

ಮೈಲಾರಿ ಜೋಳಿಗೆಯನ್ನು ಗುಡಿಸಲ ಗೂಟಕ್ಕೆ ತಗುಲಿಹಾಕಿದ.

"ಇವತ್ತಿನ ಭಿಕ್ಷೆಯ ಹೊತ್ತು ಮೀರಿತು ಪಟೇಲ್ರೇ," ಅಂದ.

ಕೋಪವಿಲ್ಲದ ದನಿ. ಗೆದ್ದೆ ಅನ್ನುವ ದನಿಯೂ ಅಲ್ಲ. ಬಂದಿದ್ದ ಊರ ಮಂದಿಯಲ್ಲಿ ಮುಖ ಮುಖ ನೋಡಿಕೊಂಡವರು ಇದ್ದರು. ಆ ಬೀದಿಯಲ್ಲಿ ಗಂಟಲು ಬಿದ್ದುಹೋದವರೇ ಹೆಚ್ಚಿನವರು.

ಪಟೇಲನ ಕೈ ಬುಟ್ಟಿಯಲ್ಲೇ ಉಳಿಯಿತು.

"ಅಯ್ಯನೋರೆ, ನೀವಾದ್ರೂ ಹೇಳಿ ಇವನಿಗೆ! ಹಟಕ್ಕೆ ಬಿದ್ದು ನಿಮ್ಮನ್ನ ಸಾಯಿಸ್ತಾನೆ! ನಾನು ಕೊಡೋಕೆ ಹೊಳೆ ದಾಟಿ ಬಂದಿದ್ದೀನಿ. ಇನ್ನೇನು ಮಾಡ್ಲಿ ನಾನು?"

ಗುರು ಬಂಡೆಗೆ ಕೈ ಊರಿದ. ಮೈಲಾರಿ ಹಿಡಿಯಲು ಮುಂದೆ ಬಂದ. ಗುರು ಬೇಡವೆಂದು ಕೈಯಾಡಿಸಿ, ತಾನೇ ಎದ್ದು ನಿಂತು, ಕಲ್ಲಿನ ಮೇಲೆ ಕೂತಿದ್ದ ಪಟೇಲನನ್ನು ಮೊದಲ ಸಲ ನೋಡಿದ.

"ನಾಳೆಯೂ ಇವನು ನಿಮ್ಮ ಬಾಗಿಲಿಗೇ ಬರ್ತಾನೆ ಪಟೇಲರೇ. ಬಂದಾಗ, ನೀವೂ ಎದ್ದು ನಿಲ್ಲಿ."